ದುಡ್ಡು ಆಮೇಲೆ, ಮೊದಲು ಹುಡುಗರನ್ನು ಹುಡುಕಿ

ಇಳಕಲ್ ನೇಕಾರರ ಮಜೂರಿ ಲೆಕ್ಕದ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ಬದಲಿಸಬಹುದಾದ) ಆ್ಯಪ್‌ಗೆ ದುಡ್ಡು ಎಲ್ಲಿ ಸಿಗುತ್ತದೆ, ಬಾಗಲಕೋಟೆಯಲ್ಲಿ ಕೋಡ್ ಬರೆಯುವ ವಿದ್ಯಾರ್ಥಿಗಳು ಸಿಗುತ್ತಾರಾ ಅಂತ ಕೇಳಿದ್ದೀರಿ.

ಸಿಗುತ್ತಾರೆ ಸರ್. ಇಂಜಿನಿಯರಿಂಗ್‌ನಲ್ಲಿ ಕೊನೇ ವರ್ಷ ಪ್ರಾಜೆಕ್ಟ್ ಮಾಡಲೇಬೇಕು. ಎಷ್ಟೋ ಜನ ಅದನ್ನು ದುಡ್ಡು ಕೊಟ್ಟು ತರುತ್ತಾರೆ, ನಿಮಗೂ ಗೊತ್ತಲ್ವಾ. ಅದರ ಬದಲು ನಿಮ್ಮ ಆ್ಯಪ್‌ನ ಒಂದು ಭಾಗ ಕೊಡಿ. ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ನೀವೇ ಹೋಗಿ ಮಾತಾಡಿ. ಸುಮ್ನೆ ಇಮೇಲ್ ಕಳಿಸಿ ಕಾಯಬೇಡಿ.

ನಾನು ವಿಜಯಪುರದಲ್ಲಿ ಒಣದ್ರಾಕ್ಷಿ ದರದ ಆ್ಯಪ್‌ಗೆ ಹೀಗೇ ನಾಲ್ವರನ್ನು ಸೇರಿಸಿದ್ದೆ. ಎರಡು ವಾರ ಒಂದು ಸಾಲು ಕೋಡೂ ಬರಲಿಲ್ಲ. ತಪ್ಪು ನನ್ನದೇ. ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ಕೋಡ್ ಜೊತೆ ಇಡುವ ಪರಿಚಯದ ಫೈಲ್‌ನಲ್ಲಿ, ಅಂದರೆ ರೀಡ್‌ಮಿಯಲ್ಲಿ ಬರೆದೇ ಇರಲಿಲ್ಲ. ಒಂದು ಭಾನುವಾರ ಕೂತು ಅದನ್ನು ಬರೆದೆ, ಹತ್ತು ಸಣ್ಣ ಇಶ್ಯೂ (ಸರಿಪಡಿಸಬೇಕಾದ ಕೆಲಸಗಳ ಪಟ್ಟಿ) ಹಾಕಿದೆ. ಮರುದಿನವೇ ಮೊದಲ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಬಂತು. ಏನಂತೀರಿ? ‘ದ್ರಾಕ್ಶಿ’ ಅಂತ ಇದ್ದದ್ದನ್ನು ‘ದ್ರಾಕ್ಷಿ’ ಮಾಡಿದ್ದು, ಅಷ್ಟೇ! ಅದನ್ನು ಕಳಿಸಿದ ಹುಡುಗಿ ಈಗಲೂ ಕೋಡ್ ಕಳಿಸುತ್ತಾಳೆ.

ಇನ್ನು ದುಡ್ಡು. ಫಾಸ್ ಯುನೈಟೆಡ್ ನಮ್ಮ ದೇಶದ್ದೇ ಸಂಸ್ಥೆ, ಇಂಥ ಯೋಜನೆಗಳಿಗೆ ಅನುದಾನ ಕೊಡುತ್ತದೆ. ಅಲ್ಲಿಂದ ಶುರು ಮಾಡಿ. ಷೇರು ವಹಿವಾಟಿನ ಕಂಪನಿ ಝೆರೋಧಾದವರು 2024ರಲ್ಲಿ ಶುರು ಮಾಡಿದ ಫ್ಲಾಸ್ ಫಂಡ್ 10,000 ಡಾಲರ್‌ನಿಂದ 1 ಲಕ್ಷ ಡಾಲರ್‌ವರೆಗೆ ಕೊಡುತ್ತದೆ, ಆದರೆ ಅದು ಈಗಾಗಲೇ ಜಾಸ್ತಿ ಜನ ಬಳಸುವ ತಂತ್ರಾಂಶಗಳಿಗೆ. ಓಪನ್ ಸೋರ್ಸ್‌ಗೆ ಕೋಡ್ ಬರೆಯುವ ಹೊಸಬರಿಗೆ ದುಡ್ಡು ಕೊಡುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ಇದೆ. ಅಲ್ಲಿ ಸಂಸ್ಥೆಯಾಗಿ ಅರ್ಜಿ ಹಾಕಬೇಕು, ಒಬ್ಬರೇ ನಡೆಸುವ ಆ್ಯಪ್‌ಗೆ ಕಷ್ಟ.

ಅಂದಹಾಗೆ, ಕೋಡನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಹೇಳುವ ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಯಾರೂ ದುಡ್ಡು ಕೊಡುವುದಿಲ್ಲ. ಈಗಷ್ಟೇ ನಿಮ್ಮ ರಿಪೊ (ಕೋಡ್ ಇಟ್ಟಿರುವ ಜಾಗ) ನೋಡಿದೆ, ಅದರಲ್ಲಿ ಇಲ್ಲ.