ನೋವಿಲ್ಲದ ಸುಟ್ಟಗಾಯಕ್ಕೇ ಹೆದರಬೇಕು

ಪ್ರಶ್ನೆ: ಹನ್ನೊಂದು ವರ್ಷದ ಮಗಳ ಮೀನಖಂಡಕ್ಕೆ ಬೈಕಿನ ಸೈಲೆನ್ಸರ್ ತಗುಲಿ ಹತ್ತು ದಿನವಾಯಿತು. ಅರ್ಧ ಅಂಗೈಯಷ್ಟು ಜಾಗ ಬೆಳ್ಳಗಾಗಿದೆ. ಬೊಬ್ಬೆ ಎದ್ದಿಲ್ಲ, ನೋವೂ ಇಲ್ಲ. ಊರಿನ ಪಂಡಿತರೊಬ್ಬರು ಕೊಟ್ಟ ಎಣ್ಣೆ ಹಚ್ಚುತ್ತಿದ್ದೇವೆ. ನೋವಿಲ್ಲದ ಮೇಲೂ ಆಸ್ಪತ್ರೆಗೆ ಹೋಗಬೇಕೆ?
– ಓದುಗರು, ತಿಪಟೂರು

ಉತ್ತರ: ಹೋಗಬೇಕು, ನಾಳೆಯೇ. ಇದೇ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ, ಪ್ರತಿ ಸಲವೂ ತಡವಾಗಿಯೇ ಬರುತ್ತದೆ. ನೋವಿಲ್ಲ ಎಂದರೆ ಗಾಯ ಸಣ್ಣದು ಎಂದಲ್ಲ. ನೋವನ್ನು ತಿಳಿಸಬೇಕಾದ ನರದ ತುದಿಗಳೇ ಅಲ್ಲಿ ಸುಟ್ಟುಹೋಗಿವೆ ಎಂದು.

ನಮ್ಮ ಹೊರಚರ್ಮ ಮೈಯ ಹೆಚ್ಚಿನ ಕಡೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಅದರಲ್ಲಿ ರಕ್ತನಾಳವೇ ಇಲ್ಲ. ನರ, ರಕ್ತನಾಳ, ಕೂದಲಿನ ಬುಡ, ಬೆವರಿನ ಗ್ರಂಥಿ ಎಲ್ಲವೂ ಇರುವುದು ಅದರ ಕೆಳಗಿನ ಒಳಚರ್ಮದಲ್ಲಿ. ಬಿಸಿ ಚಹಾ ಚೆಲ್ಲಿ ಮೇಲುಮೇಲೆ ಸುಟ್ಟಾಗ ಬೊಬ್ಬೆ ಏಳುತ್ತದೆ, ಜೀವ ಹೋಗುವಷ್ಟು ಉರಿಯುತ್ತದೆ, ಆದರೂ ಎರಡು ಮೂರು ವಾರದಲ್ಲಿ ಮಾಯುತ್ತದೆ. ಕೂದಲಿನ ಬುಡದಲ್ಲಿ ಉಳಿದ ಜೀವಕೋಶಗಳು ಮೇಲೆ ಹಬ್ಬಿ ಹೊಸ ಚರ್ಮ ಕಟ್ಟುತ್ತವೆ. ಕಾದ ಸೈಲೆನ್ಸರ್ ಆ ಬುಡವನ್ನೇ ಸುಡುತ್ತದೆ. ಆಮೇಲೆ ಹೊಸ ಚರ್ಮ ಗಾಯದ ಅಂಚಿನಿಂದ ಮಾತ್ರ ತೆವಳಿಕೊಂಡು ಬರಬೇಕು. ಅರ್ಧ ಅಂಗೈಯಷ್ಟು ಜಾಗಕ್ಕೆ ಅದು ಸಾಲುವುದಿಲ್ಲ.

ಇಂಥ ಗಾಯ ನನ್ನ ಮುಂದೆ ಬಂದಾಗ ಮೊದಲು ಬೆರಳಿನಿಂದ ಒತ್ತಿ ನೋಡುತ್ತೇನೆ. ಒತ್ತಿದಾಗ ಬಿಳಿಚಿಕೊಂಡು ಬಿಟ್ಟ ಕೂಡಲೇ ಕೆಂಪಾದರೆ ರಕ್ತ ಹರಿಯುತ್ತಿದೆ, ಸಮಾಧಾನ. ಆಮೇಲೆ ಅಲ್ಲಿ ಉಳಿದ ಒಂದು ಕೂದಲನ್ನು ಚಿಮುಟದಿಂದ ಹಿಡಿದು ಮೆಲ್ಲಗೆ ಎಳೆಯುತ್ತೇನೆ. ಬೆಣ್ಣೆಯಿಂದ ತೆಗೆದಂತೆ ಅದು ಕೈಗೆ ಬಂದು, ಮಗು ರೆಪ್ಪೆಯನ್ನೂ ಅಲುಗಿಸದೆ ಕುಳಿತಿದ್ದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಚರ್ಮ ಪೂರ್ತಿ ಸತ್ತಿದೆ. ಇನ್ನು ಕೆಲವು ದಿನಗಳಲ್ಲಿ ಅದು ಕಂದಾಗಿ, ಹದ ಮಾಡಿದ ತೊಗಲಿನಂತೆ ಬಿರುಸಾಗುತ್ತದೆ. ಅದರಡಿ ಕೀವು ತುಂಬಿದರೂ ಮೇಲಿನಿಂದ ಕಾಣುವುದಿಲ್ಲ.

ಸತ್ತ ಚರ್ಮ ತೆಗೆದು, ತೊಡೆಯಿಂದ ತೆಳುವಾದ ಚರ್ಮ ತೆಗೆದು ಕಸಿ ಮಾಡಬೇಕಾಗಬಹುದು. ಅದನ್ನು ಪ್ಲಾಸ್ಟಿಕ್ ಸರ್ಜನ್ ನೋಡಿ ತೀರ್ಮಾನಿಸಲಿ. ಗಾಯ ಮಂಡಿಯ ಹಿಂಭಾಗಕ್ಕೆ ಹತ್ತಿರವಿದ್ದರೆ ಒಂದು ದಿನವೂ ಕಾಯಬೇಡಿ. ತಾನಾಗಿಯೇ ಮಾಯಲು ಬಿಟ್ಟರೆ ಕಲೆ ಬಿಗಿದುಕೊಂಡು ಕಾಲು ನೀಟಾಗಿ ಚಾಚಲಾಗದಂತೆ ಎಳೆಯುತ್ತದೆ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಆ ಎಣ್ಣೆಯನ್ನು ಇವತ್ತೇ ನಿಲ್ಲಿಸಿ. ಸತ್ತ ಚರ್ಮಕ್ಕೆ ಜೀವ ಬರಿಸುವ ಎಣ್ಣೆ ಭೂಮಿಯ ಮೇಲಿಲ್ಲ. ಇದೆ ಎಂದು ಹೇಳಿ ಹತ್ತು ದಿನ ಹಾಳು ಮಾಡಿದವರು ಈ ಹುಡುಗಿಗೆ ದ್ರೋಹ ಮಾಡಿದ್ದಾರೆ.

ಪ್ರಶ್ನೆ: ಸುಟ್ಟ ತಕ್ಷಣ ಟೂತ್‌ಪೇಸ್ಟ್ ಒಳ್ಳೆಯದೋ, ದೋಸೆ ಹಿಟ್ಟೋ?
– ಗೃಹಿಣಿ, ಹಾಸನ

ಉತ್ತರ: ಎರಡೂ ಬೇಡ. ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಗಡಿಯಾರ ನೋಡಿಕೊಂಡು. ಮಂಜುಗಡ್ಡೆಯೂ ಬೇಡ. ಒಣಗಿ ಅಂಟಿದ ಹಿಟ್ಟನ್ನು ತೊಳೆಯುವಾಗ ಮಕ್ಕಳು ಚೀರುವುದನ್ನು ಒಮ್ಮೆ ಕೇಳಿದವರು ಮತ್ತೆ ಹಚ್ಚುವುದಿಲ್ಲ.

ಪ್ರಶ್ನೆ: ಕೀವಾಗುತ್ತದೆಂದು ಅತ್ತೆಯವರು ಬೇಳೆ, ಮೊಟ್ಟೆ ಬಿಡಿಸಿದ್ದಾರೆ. ಎಷ್ಟು ದಿನ ಪಥ್ಯ?
– ಓದುಗರು, ಗದಗ

ಉತ್ತರ: ಒಂದು ದಿನವೂ ಇಲ್ಲ. ಹೊಸ ಚರ್ಮ ಕಟ್ಟುವುದೇ ಪ್ರೋಟೀನಿನಿಂದ. ಇವತ್ತು ರಾತ್ರಿಯ ಊಟಕ್ಕೇ ಎರಡನ್ನೂ ಬಡಿಸಿ.