ನಿರೂಪಕರು ಬದಲಾದರೆ ಏನಾಯ್ತು, ಸಂಗೀತ ಅದೇ ಅಲ್ವಾ?

ನಿಮ್ಮ ಪ್ರಶ್ನೆ ಇದು: ಬ್ರಿಟನ್ನಿನ ಶಾಸ್ತ್ರೀಯ ಸಂಗೀತದ ಸ್ಟೇಷನ್ ಬಿಬಿಸಿ ರೇಡಿಯೋ 3ರಲ್ಲಿ ನಿರೂಪಕರನ್ನು ಬದಲಾಯಿಸಿದಾಗ ಕೇಳುಗರು ಯಾಕೆ ಅಷ್ಟೊಂದು ಗಲಾಟೆ ಮಾಡಿದರು, ಬಾಖ್‌ನ ಸಂಗೀತ ಅದೇ ತಾನೆ? ನಾನು ಇಂಗ್ಲೆಂಡಿಗೆ ಬಂದು ಹದಿಮೂರು ವರ್ಷ ಆಯಿತು. ಅಡುಗೆಮನೆ ಕಿಟಕಿಯಲ್ಲಿ ರೇಡಿಯೋ ಇಟ್ಟುಕೊಂಡು ದಿನಾ ಕೇಳುವವಳು. ಗಲಾಟೆ ಮಾಡಿದವರಲ್ಲಿ ನಾನೂ ಒಬ್ಬಳು, ಮನೆಯೊಳಗಿನ ಮಟ್ಟಿಗಾದರೂ.

ಆಗಿದ್ದು ಇಷ್ಟು. ಶಾನ್ ರ‍್ಯಾಫರ್ಟಿ ಎಂಬುವರು 1997ರಿಂದ ಸಂಜೆಯ 'ಇನ್ ಟ್ಯೂನ್' ನಡೆಸುತ್ತಿದ್ದರು. ಉತ್ತರ ಐರ್ಲೆಂಡಿನವರು. ಕಲಾವಿದರು ಸ್ಟುಡಿಯೋಗೇ ಬಂದು ಮಾತಾಡಿ, ಅಲ್ಲೇ ನುಡಿಸಿ ಹೋಗುವ ಕಾರ್ಯಕ್ರಮ ಅದು. 2025ರಲ್ಲಿ ಅವರು ಅಲ್ಲಿಂದ ಹೊರಟರು. ಹತ್ತು ವರ್ಷಕ್ಕೂ ಜಾಸ್ತಿ ಬೆಳಗಿನ ಹೊತ್ತು ನೋಡಿಕೊಂಡಿದ್ದ ಪೆಟ್ರಾಕ್ ಟ್ರೆಲಾನಿ ಸಂಜೆಗೆ ಬಂದರು, ಬೆಳಗ್ಗೆಗೆ ಟಾಮ್ ಮೆಕಿನ್ನಿ ಬಂದರು. ಒಂದೇ ಏಟಿಗೆ ಬೆಳಗ್ಗೆಯೂ ಹೋಯಿತು, ಸಂಜೆಯೂ ಹೋಯಿತು. ನನಗೆ ಐದು ಗಂಟೆ ಅಂದರೆ ಕುಕ್ಕರಿಗೆ ಬೇಳೆ ಹಾಕುವ ಹೊತ್ತು, ಬೇಳೆ ಅಂದರೆ ರ‍್ಯಾಫರ್ಟಿ ದನಿ. ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ.

ಅಭ್ಯಾಸದ ಮಾತು ಬಿಡಿ, ಅದು ಯಾವ ರೇಡಿಯೋಗಾದರೂ ಇದ್ದದ್ದೇ. ಶಾಸ್ತ್ರೀಯ ಸಂಗೀತದಲ್ಲಿ ಇನ್ನೊಂದು ಇದೆ. ಕೊನೆಯ ಸ್ವರ ನಿಂತ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದು ನಿರೂಪಕರ ಕೈಯಲ್ಲಿದೆ. ಎರಡು ಸೆಕೆಂಡೋ ಐದು ಸೆಕೆಂಡೋ, ಅಷ್ಟೇ. ಆದರೆ ಅರ್ಧ ಗಂಟೆ ಕೂತು ಕೇಳಿದ್ದು ಮನಸ್ಸಿಗೆ ಇಳಿಯುವುದೇ ಆಗ. ಒಮ್ಮೆ ಬೇರೊಂದು ಸ್ಟೇಷನ್‌ನಲ್ಲಿ (ಹೆಸರು ಬೇಡ) ಒಂದು ಚೆಲ್ಲೋ ತುಣುಕು ಇನ್ನೂ ಪೂರ್ತಿ ಆರುವ ಮೊದಲೇ ನಿರೂಪಕರು 'ವಾವ್' ಅಂತ ಶುರು ಮಾಡಿ ತಮ್ಮ ವೀಕೆಂಡ್ ಹೇಗಿತ್ತು ಅಂತ ಹೇಳಿದರು. ಸಂಗೀತ ಕಚೇರಿಯಲ್ಲಿ ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವವರನ್ನಾದರೂ ಕ್ಷಮಿಸಬಹುದು, ಪಾಪ ಅವರ ಕೈಯಲ್ಲಿ ಮೈಕ್ ಇರುವುದಿಲ್ಲ.

ಹಾಗಾಗಿ ಹೊಸ ದನಿ ಬಂತು ಅಂದ ತಕ್ಷಣ ಕೇಳುಗರಿಗೆ ಮೊದಲು ಬರುವ ಅನುಮಾನ ಆ ಮನುಷ್ಯನ ಮೇಲಲ್ಲ. ಇನ್ನು ಮಾತು ಜಾಸ್ತಿ, ಸಂಗೀತ ಕಮ್ಮಿ ಆಗುತ್ತದಾ, ಪೂರ್ತಿ ಕೃತಿ ಹೋಗಿ ತುಂಡು ತುಂಡು ಬರುತ್ತದಾ ಅನ್ನುವ ಭಯ ಅದು. ಈ ಭಯ ಸುಮ್ನೆ ಬಂದಿದ್ದಲ್ಲ. 1992ರಲ್ಲಿ ಜಾಹೀರಾತು ಹಾಕುವ ಶಾಸ್ತ್ರೀಯ ಸಂಗೀತದ ಸ್ಟೇಷನ್ ಕ್ಲಾಸಿಕ್ ಎಫ್ಎಂ ಶುರುವಾಯಿತು. ಚಿಕ್ಕ ತುಣುಕುಗಳು, ಸಲಿಗೆಯ ಮಾತು, ಜನ ಅತ್ತ ಹೋದರು. ರೇಡಿಯೋ 3 ಕೂಡ ಬೆಳಗಿನ ಹೊತ್ತನ್ನು ಹಗುರ ಮಾಡಲು ಹೊರಟು, 1995ರಲ್ಲಿ ಪಾಪ್ ಸಂಗೀತದ ಕಾರ್ಯಕ್ರಮಗಳಿಂದ ಹೆಸರಾಗಿದ್ದ ಅಮೆರಿಕದ ಪಾಲ್ ಗ್ಯಾಂಬಚ್ಚೀನಿಯನ್ನು ಕರೆತಂದಿತು. ಹಳೆಯ ಕೇಳುಗರು ಕೆಂಡವಾದರು. 1996ರಲ್ಲಿ ಆ ಕಾರ್ಯಕ್ರಮ ನಿಂತಿತು. ಆ ಮನುಷ್ಯನಿಗೆ ಸಂಗೀತ ಗೊತ್ತಿರಲಿಲ್ಲ ಅಂತಲ್ಲ, ಜನ ಅವರ ದನಿಯಲ್ಲಿ ಕೇಳಿಸಿಕೊಂಡಿದ್ದು ಎದುರು ಅಂಗಡಿಯ, ಅಂದರೆ ಕ್ಲಾಸಿಕ್ ಎಫ್ಎಂನ, ಸದ್ದನ್ನು. ಇನ್ನೂ ಹಿಂದಕ್ಕೆ ಹೋದರೆ, 1957ರಲ್ಲಿ ಇದರ ಹಿಂದಿನ ರೂಪವಾದ ಥರ್ಡ್ ಪ್ರೋಗ್ರಾಮ್‌ನ ಹೊತ್ತನ್ನು ಕಡಿತ ಮಾಡಿದಾಗ ಕವಿ ಎಲಿಯಟ್, ಸಂಗೀತಗಾರ ವಾನ್ ವಿಲಿಯಮ್ಸ್ ಅಂಥವರೇ ಎದ್ದು ನಿಂತಿದ್ದರು. ಜಗಳ ಆಡುವುದು ಈ ಕೇಳುಗರ ಮನೆತನದ ಗುಣ ಅಂತಿಟ್ಟುಕೊಳ್ಳಿ.

ಕೆಲವರ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ. ಹೊಸಬರ ಉಚ್ಚಾರಣೆ ಹೀಗೆ, ಅವರು ಆ ಊರಿನವರು ಅಂತ ಶುರು ಮಾಡುತ್ತಾರೆ. ಬೆಳಗಿನ ಕಾರ್ಯಕ್ರಮ ಲಂಡನ್ನಿನಿಂದ ಉತ್ತರ ಇಂಗ್ಲೆಂಡಿನ ಸ್ಯಾಲ್ಫರ್ಡಿಗೆ ಹೋಯಿತು ಅನ್ನುವುದೇ ಕೆಲವರಿಗೆ ಸಂಕಟ. ನನ್ನ ಇಂಗ್ಲಿಷಿನಲ್ಲಿ ಮೈಸೂರು ಇನ್ನೂ ಹಾಗೇ ಇದೆ, ಹಾಗಾಗಿ ಆ ಗುಂಪಿಗೆ ನಾನು ಸೇರುವುದಿಲ್ಲ.

ನಮ್ಮ ಕಡೆ ಇದು ಬೇರೆ ಥರ. ಬೆಂಗಳೂರು ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ಚಾನೆಲ್ ಅಮೃತವರ್ಷಿಣಿಯಲ್ಲಿ ನಾನು ಕೇಳಿದ ಮಾತು ಅಳತೆಯದು: ಹಾಡಿದವರು ಯಾರು, ಪಕ್ಕವಾದ್ಯ ಯಾರದು, ರಾಗ, ತಾಳ, ರಚನೆ, ಮುಗಿಯಿತು. ಉದ್ಘೋಷಕರು ಪಾಳಿಯಲ್ಲಿ ಬರುತ್ತಾರೆ, ನಮ್ಮ ಮನೆಯಲ್ಲಂತೂ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅಜ್ಜಿಯೇ ಅವರಿಗೆ ಹೆಸರಿಟ್ಟಿದ್ದರು. ಒಬ್ಬರು 'ನೆಗಡಿಯವರು', ಇನ್ನೊಬ್ಬರು 'ಕಲ್ಯಾಣಿಯಮ್ಮ', ಕಲ್ಯಾಣಿ ಅನ್ನುವಾಗ ಯಾಕೋ ಒಂಚೂರು ಎಳೆಯುತ್ತಿದ್ದರಂತೆ. ಒಂದು ಮಳೆಗಾಲದಲ್ಲಿ ನೆಗಡಿಯವರ ದನಿ ನಿಂತುಹೋಯಿತು. ಯಾರೂ ವಿದಾಯ ಹೇಳಲಿಲ್ಲ, ಪೇಪರಿನಲ್ಲೂ ಬರಲಿಲ್ಲ. ಅಜ್ಜಿ ದೀಪಾವಳಿಯವರೆಗೂ 'ಎಲ್ಲಿ ಹೋದರೋ, ಹುಷಾರಿಲ್ಲವೇನೋ' ಅನ್ನುತ್ತಲೇ ಇದ್ದರು. ಇಲ್ಲಿ ರ‍್ಯಾಫರ್ಟಿಗೆ ವಿದಾಯ ಹೇಳಲಿಕ್ಕಾದರೂ ಜನಕ್ಕೆ ಅವಕಾಶ ಸಿಕ್ಕಿತು.

ಹೊಸಬರ ವಿಷಯಕ್ಕೆ ಬಂದರೆ, ಮೊದಲ ಎರಡು ವಾರ ನಾನು ಬೇಕಂತಲೇ ಬೆಳಗ್ಗೆ ರೇಡಿಯೋ ಹಾಕಲಿಲ್ಲ. ನಷ್ಟ ಆಗಿದ್ದು ನನಗೇ. ಆಮೇಲೆ ಒಂದಿನ ನಮ್ಮ ಮನೆಯವರು ದೋಸೆ ತಿನ್ನುತ್ತಾ 'ಈ ದನಿ ಯಾರದು?' ಅಂತ ಕೇಳಿದರು. ಕಾವಲಿಯಿಂದ ತಲೆ ಎತ್ತದೆ 'ಟಾಮ್ ಅಲ್ವಾ' ಅಂದೆ, ನಮ್ಮ ಚಿಕ್ಕಪ್ಪನ ಮಗನ ಹೆಸರು ಹೇಳಿದ ಹಾಗೆ.