ಗಾಳಿಬೀಡಲ್ಲಿ ಮೊದಲ ಮಳೆಗಾಲ ಕಳೆಯೋ ಗಂಡ-ಹೆಂಡ್ತಿಗೆ

ನಿಮ್ ಪೋಸ್ಟ್ ಓದ್ದೆ ತಮ್ಮ. ಅಮೆರಿಕದ ಮಿನ್ನೆಸೋಟದಲ್ಲಿ ಆರು ಚಳಿಗಾಲ ಸ್ನೋ ಮಧ್ಯ ಕಳ್ದು, ಈಗ ಕೊಡಗಲ್ಲಿ ಮಡಿಕೇರಿ ಹತ್ರದ ಗಾಳಿಬೀಡು ಕಡೆ ಅಪ್ಪನ ತೋಟದ ಮನೆಗೆ ಬಂದಿದ್ದೀರಿ, "ಮೈನಸ್ ಇಪ್ಪತ್ತೇ ತಡ್ಕೊಂಡಿದ್ದೀವಿ, ಈ ಮಳೆ ಏನ್ ಮಹಾ, ಒಂದು ರೂಮ್ ಹೀಟರ್ರು ಒಂದು ಡ್ರೈಯರ್ರು ತಗೊಂಡ್ರೆ ಸಾಕಲ್ವಾ" ಅಂತ ಕೇಳಿದ್ದೀರಿ. ಎಲ್ರೂ ನಗೋ ಇಮೋಜಿ ಹಾಕಿ ಹೋಗಿದ್ದಾರೆ, ಉತ್ತರ ಯಾರೂ ಕೊಟ್ಟಿಲ್ಲ. ನಾನು ನಾಪೋಕ್ಲು ಕಡೆಯವಳು, ಮದ್ವೆ ಆಗಿ ಬಂದಾಗಿಂದ ಇದೇ ಮಳೇಲಿ ಸಂಸಾರ ಮಾಡ್ತಿದ್ದೀನಿ, ಹಾಗಾಗಿ ಗೊತ್ತಿರೋದು ಬರೀತೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ಮೊದ್ಲು ಒಂದು ಅರ್ಥ ಮಾಡ್ಕೊಳ್ಳಿ, ಅಲ್ಲಿ ನಿಮ್ಗೆ ಇದ್ದಿದ್ದು ಒಣ ಚಳಿ. ಮೈನಸ್ಸಲ್ಲಿ ಗಾಳಿಲಿ ನೀರೇ ಇರಲ್ಲ, ಅದೇ ಗಾಳಿನ ಮನೆ ಒಳಗೆ ಬಿಸಿ ಮಾಡಿದ್ರೆ ಇನ್ನೂ ಒಣಗುತ್ತೆ, ತುಟಿ ಒಡೆಯುತ್ತೆ, ಹ್ಯುಮಿಡಿಫೈಯರ್ ಇಟ್ಕೊಂಡು ಮಲ್ಗಿರ್ತೀರಿ, ರಾತ್ರಿ ಹರಡಿದ ಜೀನ್ಸ್ ಬೆಳಿಗ್ಗೆಗೆ ಒಣಗಿರುತ್ತೆ. ಇಲ್ಲಿ ಜುಲೈಲಿ ಹೊರಗೆ ಹದಿನೆಂಟೋ ಇಪ್ಪತ್ತೋ ಡಿಗ್ರಿ, ಕೇಳೋಕೆ ಹಿತವಾಗಿದೆ, ಆದ್ರೆ ಗಾಳಿ ಪೂರ್ತಿ ನೀರು, ಬಟ್ಟೆ ಒಂದು ವಾರ ಹಗ್ಗದ ಮೇಲಿದ್ರೂ ತೆಗ್ಯೋವಾಗ ಹಾಕಿದಕ್ಕಿಂತ ಒದ್ದೆ ಅನ್ಸುತ್ತೆ. ಮತ್ತೆ ಅಲ್ಲಿ ಮನೆ ಪೂರ್ತಿ ಹೀಟಿಂಗ್ ಇತ್ತು, ಇಲ್ಲಿ ನಿಮ್ಮಪ್ಪನ ಕಾಲದ ಹಂಚಿನ ಮನೇಲಿ ಹಂಚಿನ ಸಂದಿಯಿಂದ ಮಂಜು ಒಳಗೇ ಬಂದು ಕೂರುತ್ತೆ. ನನ್ನ ಅನುಭವದಲ್ಲಿ ಮಳೆಗಾಲದಲ್ಲಿ ಗಂಡ ಹೆಂಡ್ತಿ ಜಗಳ ಶುರುವಾಗೋದು ಚಳಿಯಿಂದ ಅಲ್ಲ, ಒದ್ದೆಯಿಂದ. ಒದ್ದೆ ರೈನ್‌ಕೋಟ್ ಎಲ್ಲಿ ನೇತು ಹಾಕ್ಬೇಕು, ಒದ್ದೆ ಟವೆಲ್ ಯಾರು ಹಾಸಿಗೆ ಮೇಲೆ ಬಿಟ್ರು, ಕಡೇ ಒಣ ಕಾಲ್ಚೀಲ ಯಾರು ಹಾಕ್ಕೊಂಡು ತೋಟಕ್ಕೆ ಹೋದ್ರು, ಇಷ್ಟೇ. ಇದನ್ನ ಮೇ ತಿಂಗಳಲ್ಲೇ ಸರಿ ಮಾಡ್ಕೊಂಡ್ರೆ ಅರ್ಧ ಸಂಸಾರ ಉಳೀತು.

ಡ್ರೈಯರ್ ಬಗ್ಗೆ. ತಗೊಳ್ಳಿ, ಬೇಡ ಅನ್ನಲ್ಲ, ಆದ್ರೆ ಮಾಮೂಲಿ ಡ್ರೈಯರ್ ಎರಡು ಸಾವಿರ ವ್ಯಾಟ್ ಹತ್ರ ಎಳೆಯುತ್ತೆ, ನಮ್ ಕಡೆ ವೋಲ್ಟೇಜ್‌ಗೆ ಅದು ಒಂದ್ ದಿನ ಓಡಿದ್ರೆ ಎರಡ್ ದಿನ ಶೋಕೇಸ್. ಮರ ಬಿದ್ದು ಲೈನ್ ಹೋದ್ರೆ ಮೂರ್ನಾಲ್ಕು ದಿನ ಕರೆಂಟ್ ಬರಲ್ಲ, ಲೈನ್‌ಮ್ಯಾನ್‌ಗಳು ಪಾಪ ಸೊಂಟದ ತನಕ ನೀರಲ್ಲಿ ನಿಂತು ಕೆಲ್ಸ ಮಾಡ್ತಾರೆ, ಅವ್ರನ್ನ ಬೈಬಾರ್ದು. ಹಾಗಾಗಿ ಡ್ರೈಯರ್ ಇದ್ರೂ ಬಚ್ಚಲು ಒಲೆ ಬೇಕೇ ಬೇಕು. ನಿಮ್ಮನೇಲಿ ಹಳೇ ಹಂಡೆ ಒಲೆ ಇದ್ದೇ ಇರುತ್ತೆ, ಗೀಸರ್ ಬಂತು ಅಂತ ಅದನ್ನ ಒಡ್ದು ಹಾಕಿಲ್ಲ ತಾನೇ? ಅದ್ರ ಮೇಲೆ, ಬೆಂಕಿ ನಾಲಿಗೆ ತಾಗದ ಎತ್ತರದಲ್ಲಿ ಅಡ್ಡಡ್ಡ ನಾಲ್ಕೈದು ಜಿಐ ತಂತಿ ಕಟ್ಸಿ. ಬೆಳಿಗ್ಗೆ ನೀರು ಕಾಯ್ಸಿದ ಮೇಲೆ ಕೆಂಡ ಇರೋವಾಗ ಬಟ್ಟೆ ಹರಡಿ ಬಾಗಿಲು ಅರ್ಧ ತೆಗ್ದಿಡಿ, ಆವಿ ಹೊರಗೆ ಹೋಗ್ಬೇಕು, ಬಾಗಿಲು ಮುಚ್ಚಿದ್ರೆ ಅದೇ ನೀರು ಗೋಡೆ ಮೇಲೆ ಕೂತು ವಾಪಸ್ ಬಟ್ಟೆಗೆ ಬರುತ್ತೆ. ಹೊಗೆ ವಾಸ್ನೆ ಬರುತ್ತೆ ಹೌದು, ಆಗಸ್ಟಲ್ಲಿ ಮಡಿಕೇರಿ ಬಸ್ ಹತ್ತಿದ್ರೆ ಎಲ್ರ ಮೈಲೂ ಅದೇ ವಾಸ್ನೆ, ಯಾರಿಗೂ ಗೊತ್ತಾಗಲ್ಲ. ವಾಷಿಂಗ್ ಮೆಷಿನ್ನಲ್ಲಿ ಸ್ಪಿನ್ ಒಂದ್ಸಲ ಸಾಲ್ದು, ಎರಡ್ಸಲ ಹಾಕಿ, ಅದ್ರಲ್ಲೇ ಅರ್ಧ ಕೆಲ್ಸ ಆಗುತ್ತೆ. ದಪ್ಪ ಟವೆಲ್ಲೂ ಜೀನ್ಸೂ ಅಟ್ಟಕ್ಕೆ ಹಾಕಿ, ತೆಳು ಪಂಚೆ, ಬೈರಾಸು (ತೆಳು ಟವೆಲ್), ಟ್ರ್ಯಾಕ್ ಪ್ಯಾಂಟ್ ಇವಿಷ್ಟೇ ಮಳೆಗಾಲದ ಬಟ್ಟೆ.

ಸೌದೆ ಈಗ್ಲೇ ನೋಡ್ಕೊಳ್ಳಿ, ಜೂನಲ್ಲಿ ಕೇಳಿದ್ರೆ ಯಾರೂ ಒಣಗಿದ್ದು ಕೊಡಲ್ಲ. ಕಿತ್ತ ರೋಬಸ್ಟಾ ಕಾಫಿ ಗಿಡದ ಬೊಡ್ಡೆ ಇದ್ರೆ ಚಿನ್ನ, ಹೊತ್ಕೊಂಡ್ರೆ ನಿಧಾನಕ್ಕೆ ಉರೀತಾ ಇರುತ್ತೆ. ಮರಕಸಿಲಿ, ಅಂದ್ರೆ ತೋಟದ ನೆರಳು ಮರ ಸವರೋವಾಗ, ಇಳಿಸಿದ ಸಿಲ್ವರ್ ಓಕ್ ರೆಂಬೆ ಬೇಗ ಉರಿಯುತ್ತೆ, ಒಲೆ ಹೊತ್ಸೋಕೆ ಸಾಕು. ಸೌದೆ ಕೊಟ್ಟಿಗೆಲಿ ನೆಲದ ಮೇಲೆ ನೇರ ಜೋಡಿಸ್ಬೇಡಿ, ಕೆಳಗೆ ಎರಡು ಉದ್ದ ಕಂಬ ಇಟ್ಟು ಅದ್ರ ಮೇಲೆ ಜೋಡ್ಸಿ. ಒಲೆ ಪಕ್ಕ ಯಾವಾಗ್ಲೂ ನಾಳೆ ಸೌದೆ ಇವತ್ತೇ ತಂದಿಡೋದು, ಈ ಕೆಲ್ಸ ಒಬ್ರಿಗೆ ಅಂತ ಫಿಕ್ಸ್ ಮಾಡಿ, ಇಬ್ರಿಗೂ ಅಂದ್ರೆ ಯಾರೂ ತರಲ್ಲ.

ರೂಮ್ ಹೀಟರ್ ಕರೆಂಟ್ ಇದ್ದಾಗ ಒಳ್ಳೇದೇ. ಆದ್ರೆ ಒಂದ್ ಮಾತು ದಪ್ಪಕ್ಷರದಲ್ಲಿ ಬರ್ದೆ ಅಂತ ಓದ್ಕೊಳ್ಳಿ: ಕರೆಂಟ್ ಹೋಯ್ತು ಅಂತ ಕೆಂಡದ ಬಾಣಲೆ ಮಲಗೋ ರೂಮಿಗೆ ತಗೊಂಡ್ ಹೋಗಿ ಕಿಟಕಿ ಬಾಗಿಲು ಹಾಕ್ಕೊಂಡು ಮಲಗ್ಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸ್ನೆ ಇಲ್ಲ, ನಿದ್ದೇಲೇ ಹೋಗ್ಬಿಡ್ತಾರೆ. ಜನರೇಟರ್ರೂ ಅಷ್ಟೇ, ಮಳೆ ಬೀಳುತ್ತೆ ಅಂತ ಜಗಲಿಗೋ ಅಡಿಗೆ ಮನೆ ಹಿಂದಿನ ರೂಮಿಗೋ ತರ್ಬೇಡಿ, ದೂರದಲ್ಲಿ ಮೇಲೆ ಶೀಟ್ ಹಾಕಿ, ಸುತ್ತ ತೆರೆದೇ ಇರ್ಲಿ. ಮಿನ್ನೆಸೋಟದ ಮನೇಲಿ ಗೋಡೆ ಮೇಲೆ ಅಲಾರಂ ಇತ್ತಲ್ಲ, ಅಂಥದ್ದೇ ಬ್ಯಾಟರಿ ಅಲಾರಂ ಇಲ್ಲೂ ಆನ್‌ಲೈನಲ್ಲಿ ಸಿಗುತ್ತೆ, ಒಂದು ಹಾಕಿ. ಹಾಲಲ್ಲಿ ಹಳೇ ಫೈರ್‌ಪ್ಲೇಸ್ ಇದೆ ಅಂದಿದ್ರಿ, ಹೊತ್ಸೋ ಮೊದ್ಲು ಚಿಮಣಿ ಕ್ಲೀನ್ ಮಾಡ್ಸಿ, ವರ್ಷಗಟ್ಲೆ ಮುಚ್ಚಿದ ಚಿಮಣಿಲಿ ಹಕ್ಕಿ ಗೂಡೋ ಜೇನೋ ಇದ್ದೇ ಇರುತ್ತೆ.

ಬೂಷ್ಟು ಇನ್ನೊಂದ್ ದೊಡ್ಡ ಕಥೆ. ಬೀರುನ ಗೋಡೆಯಿಂದ ಒಂದ್ ಗೇಣು ಈಚೆ ಎಳೀರಿ. ಮೊದ್ಲೆಲ್ಲ ಬೀರು ಒಳಗೆ ಸಣ್ಣ ಬಲ್ಬ್ ಉರಿಸ್ತಿದ್ವಿ, ಅದ್ರ ಶಾಖಕ್ಕೆ ಬೂಷ್ಟು ಬರ್ತಿರ್ಲಿಲ್ಲ, ಈಗಿನ ಎಲ್‌ಇಡಿಲಿ ಆ ಶಾಖ ಇಲ್ಲ, ಬೆಳಕು ಮಾತ್ರ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸಿಗುತ್ತೆ, ನೀರು ಎಳ್ಕೊಂಡು ಕೆಳಗೆ ತುಂಬ್ಕೊಳ್ಳುತ್ತೆ, ಅದನ್ನ ಇಡಿ, ತುಂಬಿದ್ ಕೂಡ್ಲೇ ಚೆಲ್ಲಿ. ಮನೆಯವ್ರ ರೇಷ್ಮೆ ಸೀರೆಗಳನ್ನ ಮೇ ತಿಂಗಳ ಬಿಸಿಲಿರೋ ದಿನ ನೆರಳಲ್ಲೇ ಆರ್ಸಿ ಹಳೇ ಕಾಟನ್ ಪಂಚೆಲಿ ಸುತ್ತಿ ಟ್ರಂಕಿಗೆ ಹಾಕಿ, ಅಥ್ವಾ ಇನ್ನೂ ಒಳ್ಳೇದು, ಮೈಸೂರಲ್ಲಿ ನಂಟರ ಮನೆ ಇದ್ರೆ ಅಲ್ಲಿಟ್ಟು ಬನ್ನಿ. ಲೆದರ್ ಬೆಲ್ಟು, ಶೂ, ಕ್ಯಾಮರಾ ಲೆನ್ಸು, ಪಾಸ್‌ಪೋರ್ಟು, ತೋಟದ ಆರ್‌ಟಿಸಿ ಎಲ್ಲ ಗಾಳಿ ಹೋಗದ ಡಬ್ಬಿಲಿ ಸಿಲಿಕಾ ಜೆಲ್ ಜೊತೆ. ನಮ್ಮನೆಯವ್ರ ಮದ್ವೆ ಶೂ ಒಂದ್ಸಲ ಸೆಪ್ಟೆಂಬರಲ್ಲಿ ತೆಗ್ದಾಗ ಹಸಿರು ವೆಲ್ವೆಟ್ ಆಗಿತ್ತು, ಅವ್ರು ಅದನ್ನ ಒರ್ಸಿ ಪಾಲಿಶ್ ಹಾಕಿ ಅದೇ ವಾರ ಮದ್ವೆಗೆ ಹಾಕ್ಕೊಂಡ್ ಹೋದ್ರು ಅನ್ನೋದು ಬೇರೆ ವಿಷ್ಯ.

ಈಗ ನೀವು ಕೇಳದೇ ಇದ್ದದ್ದು. ನಿಮ್ಮನೆಗೆ ಹಿಂದ್ಗಡೆ ಭಾಗ ಜಿಂಕ್ ಶೀಟ್ ಅಂತ ಫೋಟೋಲಿ ಕಾಣುತ್ತೆ. ಜೋರು ಮಳೇಲಿ ಆ ಶೀಟ್ ಕೆಳಗೆ ಪಕ್ಕದಲ್ಲಿ ನಿಂತೋರ ಮಾತೂ ಕೇಳಲ್ಲ. ನೀವು ಅಡಿಗೆ ಮನೆಯಿಂದ "ಕಾಫಿ ಬೇಕಾ" ಅಂತ ಕೇಳ್ತೀರಿ, ಕೇಳ್ಸಲ್ಲ, ಇನ್ನೊಂದ್ಸಲ ಜೋರಾಗಿ, ಮೂರನೇ ಸಲ ಕಿರುಚ್ತೀರಿ, ಅದೇ ಹೊತ್ತಿಗೆ ಮಳೆ ಒಂದ್ ಕ್ಷಣ ನಿಲ್ಲುತ್ತೆ, ಆ ಕಡೆಯಿಂದ "ಯಾಕೆ ಹಂಗೆ ಕೂಗಾಡ್ತೀರಿ" ಅಂತ ಮುಖ ಊದ್ಸ್ಕೊಂಡು ಬರ್ತಾರೆ. ಕಾಫಿ ಕೇಳಿದ್ದು ಜಗಳ ಆಯ್ತು. ನಮ್ಮನೇಲಿ ಈಗ ಮಳೆ ಇರೋವಾಗ ಒಬ್ರನ್ನೊಬ್ರು ಕೂಗೋದೇ ಇಲ್ಲ, ಎದ್ದು ಹೋಗಿ ಹೇಳ್ತೀವಿ, ದುಡ್ಡಿನ ವಿಷ್ಯ ನಂಟರ ವಿಷ್ಯ ಅಂತೂ ಆ ಶೀಟ್ ಕೆಳಗೆ ಎತ್ತೋದೇ ಇಲ್ಲ.

ಇನ್ನೊಂದು, ನಿಮ್ ಮನೆಯವ್ರು ಮನೆಯಿಂದ್ಲೇ ಆಫೀಸ್ ಕೆಲ್ಸ ಮಾಡ್ತಾರೆ ಅಂದ್ರಿ. ನೀವು ಬೆಳಿಗ್ಗೆ ಗಮ್‌ಬೂಟ್ ಹಾಕ್ಕೊಂಡು ತೋಟಕ್ಕೆ ಹೋಗ್ತೀರಿ, ಚರಂಡಿ ಬಿಡ್ಸೋದು, ಕಾಫಿಲಿ ಕೊಳೆರೋಗ ಹತ್ತಿದ ಎಲೆ ಕಪ್ಪಾಗಿ ದಾರದಲ್ಲಿ ನೇತಾಡೋದನ್ನ ತೆಗ್ಸೋದು, ಮಳೆ ಬಿಟ್ಟ ಗ್ಯಾಪಲ್ಲಿ ಮೆಣಸಿನ ಬಳ್ಳಿಗೆ ರೋಗ ಬರದಂಗೆ ಬೋರ್ಡೋ ದ್ರಾವಣ ಹೊಡ್ಸೋದು, ಒದ್ದೆ ಆದ್ರೂ ನಿಮ್ಗೆ ದಿನ ಹೋಗುತ್ತೆ, ನಾಲ್ಕು ಜನರ ಹತ್ರ ಮಾತಾಡ್ತೀರಿ. ಅವ್ರು ಒಳಗೆ ಮಂಜಲ್ಲಿ ಮುಚ್ಚಿದ ಕಿಟಕಿ ನೋಡ್ಕೊಂಡು ಕೂತಿರ್ತಾರೆ, ಕರೆಂಟ್ ಹೋಯ್ತು, ಟವರ್ ಬ್ಯಾಟರಿ ಸತ್ತು ನೆಟ್‌ವರ್ಕ್ ಹೋಯ್ತು, ಮೀಟಿಂಗ್ ಹೋಯ್ತು. ಸ್ನೋ ಬಿದ್ದ ಮಾರನೇ ದಿನ ಅಲ್ಲಿ ಬಿಸಿಲು ಬೀಳುತ್ತಲ್ಲ, ಎಲ್ಲ ಬೆಳ್ಳಗೆ ಫಳಫಳ ಅಂತ, ಇಲ್ಲಿ ಅದು ಇಲ್ಲ, ವಾರಗಟ್ಲೆ ಸೂರ್ಯನ ಮುಖ ಕಾಣಲ್ಲ. ಹಾಗಾಗಿ ಅವ್ರಿಗೆ ವಾರಕ್ಕೊಂದ್ಸಲ ಆದ್ರೂ ಮನೆ ಬಿಟ್ಟು ಹೋಗೋ ದಿನ ಇರ್ಲಿ. ಶುಕ್ರವಾರ ಮಡಿಕೇರಿ ಸಂತೆಗೆ ಅವ್ರೇ ಹೋಗ್ಲಿ, ನೀವು ಮನೇಲಿ ಅಡಿಗೆ ಮಾಡಿ. ತೀರಾ ಮನ್ಸು ಕೆಟ್ರೆ ಕುಶಾಲನಗರಕ್ಕೆ ಇಳೀರಿ. ಮಡಿಕೇರಿಯಿಂದ ಮೂವತ್ತು ಕಿಲೋಮೀಟ್ರು, ಸುಂಟಿಕೊಪ್ಪ ದಾಟಿದ್ರೆ ಮಳೆ ಸಣ್ಣಗಾಗುತ್ತೆ, ಕುಶಾಲನಗರದಲ್ಲಿ ಎಷ್ಟೋ ದಿನ ಬಿಸಿಲೇ ಇರುತ್ತೆ, ಅಲ್ಲಿ ಜನ ಛತ್ರಿನೂ ಹಿಡ್ದಿರಲ್ಲ, ನಮ್ಮನ್ನ ನೋಡಿ ನಗ್ತಾರೆ. ಕಾರಲ್ಲಿ ಬೆಡ್‌ಶೀಟ್, ಕಂಬಳಿ ಹಾಕ್ಕೊಂಡು ಹೋಗಿ ಅಲ್ಲಿ ಗೊತ್ತಿದ್ದೋರ ಟೆರೇಸಲ್ಲಿ ಒಣಗ್ಸಿ ತನ್ನಿ, ನಾಚ್ಕೆ ಏನಿಲ್ಲ, ತುಂಬಾ ಜನ ಮಾಡ್ತಾರೆ.

ನೀರು ತುಂಬ್ಸೋದು ಮರೀಬೇಡಿ, ಇಷ್ಟು ಮಳೇಲಿ ನಲ್ಲೀಲಿ ನೀರಿಲ್ಲ ಅಂದ್ರೆ ನಗು ಬರುತ್ತೆ ಆದ್ರೆ ಕರೆಂಟ್ ಇಲ್ದೆ ಪಂಪ್ ಓಡಲ್ಲ. ಸೂರಿನ ನೀರು ಡ್ರಮ್ಮಿಗೆ ಹಿಡೀರಿ, ಪಾತ್ರೆಗೂ ಟಾಯ್ಲೆಟ್ಟಿಗೂ ಆಗುತ್ತೆ. ಗ್ಯಾಸ್ ಎರಡನೇ ಸಿಲಿಂಡರ್ ಮೇ ಕೊನೆಗೆ ತುಂಬಿರ್ಲಿ.

ಊಟದ್ದು ಹೇಳ್ಬೇಕಾ, ಮಳೆಗಾಲದಲ್ಲಿ ಸುಖ ಅಂತ ಇರೋದೇ ಅದು. ಒಣಮೀನು, ಉಪ್ಪಲ್ಲಿ ಹಾಕಿದ ಮಾವಿನಕಾಯಿ, ಹಲಸಿನ ಬೀಜ, ಹುರುಳಿ ಈಗ್ಲೇ ಇಟ್ಕೊಳ್ಳಿ. ಕೆಸದ ಸೊಪ್ಪು ಹಿತ್ಲಲ್ಲೇ ಬರುತ್ತೆ, ಹುಳಿ ಜಾಸ್ತಿ ಹಾಕಿ, ಇಲ್ಲ ಗಂಟ್ಲು ತುರಿಸುತ್ತೆ. ಕಣಿಲೆ (ಎಳೇ ಬಿದಿರು) ಸಿಕ್ರೆ ಹೆಚ್ಚಿ ನೀರಲ್ಲಿ ಎರಡ್ಮೂರು ದಿನ ನೆನ್ಸಿ, ದಿನಾ ನೀರು ಬದಲಾಯ್ಸಿ, ಆಮೇಲೆ ಬೇಯ್ಸಿ ಆ ನೀರೂ ಚೆಲ್ಲಿ, ಹಸಿದ್ರಲ್ಲಿ ವಿಷ ಇರುತ್ತೆ. ಅಣಬೆ ಮಾತ್ರ ನಿಮ್ ಕಣ್ಣು ನಂಬಿ ಕೀಳ್ಬೇಡಿ, ತೋಟದ ಕೆಲ್ಸದವ್ರ ಲೈನ್ ಮನೆ ಹೆಂಗಸ್ರು ತೋರ್ಸಿದ್ದು ಮಾತ್ರ. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟು, ಅಂದ್ರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ಮಾಡಿ, ಸೊಪ್ಪು ಬೇಯ್ಸಿದ ನೀರು ನೇರಳೆ ಬಣ್ಣಕ್ಕೆ ಬರುತ್ತೆ, ಆ ನೀರಲ್ಲಿ ಅಕ್ಕಿ ಬೇಯ್ಸಿ ಬೆಲ್ಲ, ತೆಂಗಿನಕಾಯಿ. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ, ಅದು ಮಾಮೂಲಿ, ಆದ್ರೆ ಮನೆಯವ್ರಿಗೆ ಮೊದ್ಲೇ ಹೇಳಿಡಿ ಮಾರಾಯ್ರೆ, ಹೊಸದಾಗಿ ಬಂದ ಸೊಸೆಯಂದ್ರು ಹೆದ್ರಿ ಆಸ್ಪತ್ರೆಗೆ ಓಡಿದ ಕಥೆ ನಮ್ಮೂರಲ್ಲಿ ಬೇಕಾದಷ್ಟಿದೆ.

ಕೊನೇದು ತಮಾಷೆ ಅಲ್ಲ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡ ಕುಸಿದಿದ್ದು ನೀವು ಅಲ್ಲಿ ಟಿವಿಲಿ ನೋಡಿರ್ತೀರಿ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರಿ. ನಿಮ್ಮನೆ ಹಿಂದೆ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಇದೆ, ಹಾಗಾಗಿ ಹೇಳ್ತೀನಿ. ಮೇಲ್ಗಡೆ ನೆಲದಲ್ಲಿ ಉದ್ದ ಬಿರುಕು, ಇದ್ದಕ್ಕಿದ್ದಂಗೆ ಹೊಸ ಜಲ ಒಡ್ಯೋದು, ತಿಳಿಯಾಗಿದ್ದ ಒರತೆ ಕೆಂಪಾಗೋದು, ಮರ ಒಂದೇ ಕಡೆ ವಾಲೋದು, ನಿನ್ನೆ ಸಲೀಸಾಗಿ ಹಾಕ್ತಿದ್ದ ಬಾಗಿಲು ಇವತ್ತು ಹಿಡ್ಕೊಳ್ಳೋದು, ಇದ್ರಲ್ಲಿ ಒಂದು ಕಂಡ್ರೂ ಹೊರಡಿ. ಇಲ್ಲೇ ಗಂಡ ಹೆಂಡ್ತಿ ಮಧ್ಯ ಎಡವಟ್ಟಾಗೋದು, ಒಬ್ರಿಗೆ ಹೆದ್ರಿಕೆ, ಇನ್ನೊಬ್ರು "ನಮ್ಮಜ್ಜನ ಕಾಲದಿಂದ ಏನೂ ಆಗಿಲ್ಲ" ಅಂತ ಕೂರ್ತಾರೆ, ನಮ್ ಗಂಡಸ್ರಿಗೆ ತೋಟ ಬಿಟ್ಟು ಹೊರಡೋದು ಅಂದ್ರೆ ಸೋತಂಗೆ. ಈಗ್ಲೇ, ತಲೆ ತಣ್ಣಗಿರೋವಾಗ ಮಾತಾಡ್ಕೊಳ್ಳಿ: ಯಾರಿಗೆ ಮೊದ್ಲು ಹೆದ್ರಿಕೆ ಆಗುತ್ತೋ ಅವ್ರ ಮಾತೇ ನಡೀಬೇಕು, ವಾದ ಇಲ್ಲ, ಇಬ್ರೂ ಕಾರು ಹತ್ತೋದು. ಏನೂ ಆಗ್ಲಿಲ್ಲ ಅಂದ್ರೆ ಆಮೇಲೆ ಹಂಗಿಸೋದೂ ಇಲ್ಲ. ದಾಖಲೆ, ಔಷಧಿ, ಟಾರ್ಚು, ಒಂದ್ ಜೊತೆ ಒಣ ಬಟ್ಟೆ ಒಂದ್ ಬ್ಯಾಗಲ್ಲಿ ಬಾಗ್ಲ ಹತ್ರ ಇರ್ಲಿ, ಕಾರು ರೋಡ್ ಕಡೆ ಮುಖ ಮಾಡಿ ನಿಲ್ಸಿ, ಜಿಲ್ಲಾ ಕಂಟ್ರೋಲ್ ರೂಮ್ 1077, ಎಮರ್ಜೆನ್ಸಿ 112, ಗೋಡೆ ಮೇಲೆ ಬರ್ದಿಡಿ.

ನಾಯಿ ಬಗ್ಗೆ ಕಾಮೆಂಟಲ್ಲಿ ಕೇಳಿದ್ರಲ್ಲ, ಅಲ್ಲಿಂದ ತಂದ ಉದ್ದ ಕೂದ್ಲಿನ ನಾಯಿ ಅಂತ, ಜೂನ್ ಮೊದ್ಲೇ ಕೂದ್ಲು ಗಿಡ್ಡ ಮಾಡ್ಸಿ. ತೋಟದಿಂದ ಬಂದಾಗ ಬೆರಳ ಸಂದಿ, ಕಿವಿ ಹಿಂದೆ ಜಿಗಣೆ ನೋಡಿ, ಉಪ್ಪು ನೀರು ಹಚ್ಚಿದ್ರೆ ಬಿಡುತ್ತೆ, ಕಿತ್ತು ಎಳೀಬೇಡಿ. ಮೂಗೊಳಗೆ ಹೋಗಿದ್ರೆ ಸೀನ್ತಾ ಇರುತ್ತೆ, ರಕ್ತ ಬರುತ್ತೆ, ಆಗ ಬಟ್ಲಲ್ಲಿ ತಣ್ಣೀರು ಮೂಗಿನ ಹತ್ರ ಹಿಡೀರಿ, ನೀರಿಗೆ ಅದು ತಲೆ ಹೊರಗೆ ಹಾಕುತ್ತೆ, ಒಬ್ರು ನಾಯಿ ಗಟ್ಟಿ ಹಿಡ್ಕೋಬೇಕು, ಇನ್ನೊಬ್ರು ಬಟ್ಟೆಲಿ ಹಿಡ್ದು ತೆಗೀಬೇಕು, ಬರ್ಲಿಲ್ಲ ಅಂದ್ರೆ ವೆಟ್ ಹತ್ರ ಕರ್ಕೊಂಡ್ ಹೋಗಿ. ಸೌದೆ ಲೋಡ್ ಬೇಕಿದ್ರೆ ಇನ್‌ಬಾಕ್ಸ್ ಮಾಡಿ, ನಮ್ಮಲ್ಲಿ ಈ ವರ್ಷ ಹಳೇ ರೋಬಸ್ಟಾ ಕಿತ್ಸಿದ್ದೀವಿ, ಗಾಡಿ ಬಾಡಿಗೆ ನಿಮ್ದು.